ದಿನಾ ಆಫೀಸಿಗೆ ಸೈಕಲ್: ಮೊದಲು ಏನು ಸರಿ ಮಾಡಿಸಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳಿಂದ ಆಫೀಸಿಗೆ ಸೈಕಲ್ಲಿನಲ್ಲೇ ಹೋಗಿ ಬರುತ್ತಿದ್ದೇನೆ. ಒಂದು ಕಡೆಗೆ 7 ಕಿ.ಮೀ. ಹೈಬ್ರಿಡ್ ಸೈಕಲ್, ಮುಂದೆ 3 ಹಿಂದೆ 7 ಗೇರು, ಸೆಕೆಂಡ್ ಹ್ಯಾಂಡ್. ಟೈರಿನ ಮೇಲೆ 37-622 ಅಂತ ಬರೆದಿದೆ. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ. ಲ್ಯಾಪ್‌ಟಾಪ್, ಡಬ್ಬಿ, ಒಂದು ಜೊತೆ ಬಟ್ಟೆ ಎಲ್ಲಾ ಬೆನ್ನ ಮೇಲೇ.

ಅರ್ಧ ದಾರಿಗೆ ಮಂಡಿಯ ಮುಂಭಾಗ ನೋಯಲು ಶುರುವಾಗುತ್ತದೆ. ಇಳಿಯುವಾಗ ಬೆನ್ನು ಪೂರ್ತಿ ಒದ್ದೆ. ಮೊನ್ನೆ ಮಳೆಯಲ್ಲಿ ಪ್ಯಾಂಟಿನಿಂದ ಕತ್ತಿನವರೆಗೆ ಕೆಸರಿನ ಗೆರೆ ಬಿದ್ದು, ಅದೇ ಬಟ್ಟೆಯಲ್ಲಿ ಮೀಟಿಂಗಿಗೆ ಕೂರಬೇಕಾಯಿತು.

ಜೆಲ್ ಸೀಟು ಹಾಕಿಸು, ಸಸ್ಪೆನ್ಷನ್ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಸ್ಪ್ರಿಂಗ್ ಕವೆ) ಹಾಕಿಸು ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಾ ಒಟ್ಟಿಗೆ ಮಾಡಿಸಲು ಆಗುವುದಿಲ್ಲ. ನೀವಾಗಿದ್ದರೆ ಯಾವುದರಿಂದ ಶುರು ಮಾಡುತ್ತಿದ್ದಿರಿ? ಸೈಕಲ್ ಬಿಡಲು ಮಾತ್ರ ಮನಸ್ಸಿಲ್ಲ. ಬೆಳಗಿನ ಆ ಅರ್ಧ ಗಂಟೆ ನನಗೆ ತುಂಬಾ ಇಷ್ಟ.

ಉತ್ತರ 1

ಈ ವಾರ ಏನೂ ಕೊಳ್ಳಬೇಡಿ. ಒಂದು ಅಲೆನ್ ಕೀ, ಒಂದು ಚೂರು ಇನ್ಸುಲೇಷನ್ ಟೇಪು ಇದ್ದರೆ ಸಾಕು.

ಮಂಡಿಯ ಮುಂಭಾಗ ನೋವು ಅಂದ ಕೂಡಲೇ ನಾನು ಮೊದಲು ನೋಡುವುದು ಸೀಟಿನ ಎತ್ತರ. ಸೀಟಿನ ಮೇಲೆ ಕೂತೇ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತವಾ? ಹಾಗಿದ್ದರೆ ಸೀಟು ತಗ್ಗಾಗಿದೆ. ದಿನಾ ಹಾಕುವ ಶೂ ಹಾಕಿಕೊಂಡು, ಗೋಡೆ ಹಿಡಿದು ಕೂರಿ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ತುಸು ಬಾಗಿರುತ್ತದೆ. ಅಷ್ಟೇ ಬೇಕಾಗಿರುವುದು.

ಇದಕ್ಕೆ ಒಂದು ಲೆಕ್ಕವೂ ಇದೆ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ತೊಡೆಸಂದಿಗೆ ಒಂದು ಪುಸ್ತಕ ಒತ್ತಿ ಹಿಡಿದು, ನೆಲದಿಂದ ಅದರ ಮೇಲಂಚಿನವರೆಗೆ ಅಳೆಯಿರಿ. ಅದನ್ನು 0.883ರಿಂದ ಗುಣಿಸಿ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ತಿರುಗುವ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಬೇಕು. ನನ್ನದು 81 ಸೆಂ.ಮೀ., ಲೆಕ್ಕಕ್ಕೆ 71.5 ಬಂತು. ಅದು ನನಗೆ ಸ್ವಲ್ಪ ಜಾಸ್ತಿ ಅನಿಸಿ 71ಕ್ಕೆ ನಿಲ್ಲಿಸಿದೆ. ಲೆಕ್ಕಕ್ಕಿಂತ ನಿಮ್ಮ ಕಾಲಿನ ಮಾತು ಕೇಳಿ. ಮಂಡಿಯ ಹಿಂದೆ ಸೆಳೆತ ಬಂದರೆ ಜಾಸ್ತಿ ಏರಿಸಿದ್ದೀರಿ ಅಂತ ಅರ್ಥ.

ಒಂದೇ ಸಲ ಏರಿಸಬೇಡಿ. ಅರ್ಧ ಸೆಂ.ಮೀ. ಏರಿಸಿ ಎರಡು ದಿನ ಓಡಿಸಿ, ಮತ್ತೆ ಅರ್ಧ. ಸೀಟ್ ಪೋಸ್ಟ್ (ಸೀಟು ಹೊತ್ತ ಕಂಬಿ) ಮೇಲೆ ಕೆತ್ತಿರುವ ಮಿನಿಮಮ್ ಗೆರೆ ಮಾತ್ರ ಹೊರಗೆ ಕಾಣಬಾರದು. ಪ್ರತಿ ಸಲವೂ ಪೋಸ್ಟ್ ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಒಂದು ಸುತ್ತು ಟೇಪು ಸುತ್ತಿ. ಒಂದು ಕಾಲದಲ್ಲಿ ನನ್ನ ಸೀಟು ಸವಾರಿ ಮಾಡುತ್ತಾ ಮಾಡುತ್ತಾ ತಾನಾಗೇ ಇಳಿಯುತ್ತಿತ್ತು. ಮೂರು ವಾರ ಗೊತ್ತೇ ಆಗಲಿಲ್ಲ, ಮಂಡಿ ಮಾತ್ರ ನೋಯುತ್ತಿತ್ತು. ಟೇಪು ಸುತ್ತಿದ ಎರಡನೇ ದಿನ ನೋಡಿದರೆ ಅದು ಸುಕ್ಕುಗಟ್ಟಿ ಕ್ಲ್ಯಾಂಪಿನ ಅಂಚಿನಲ್ಲಿ ಮುದ್ದೆಯಾಗಿ ಕೂತಿತ್ತು. ಪೋಸ್ಟ್ ಒರೆಸಿ, ಕ್ಲ್ಯಾಂಪ್ ಸರಿಯಾಗಿ ಬಿಗಿದ ಮೇಲೆ ಜಾರುವುದು ನಿಂತಿತು.

ಜೆಲ್ ಸೀಟು ಬೇಡ. ಒತ್ತಿ ನೋಡುವಾಗ ಮೆತ್ತಗಿರುತ್ತದೆ ನಿಜ. ಆದರೆ ಅರ್ಧ ಗಂಟೆ ಕೂತರೆ ಮೂಳೆಗಳು ಒಳಗೆ ಇಳಿದು, ನಡುವಿನ ಭಾಗ ಮೇಲಕ್ಕೆ ಒತ್ತುತ್ತದೆ. ಸಸ್ಪೆನ್ಷನ್ ಫೋರ್ಕ್ ಕೂಡ ಬೇಡ. ಡಾಂಬರು ರಸ್ತೆಗೆ ಅದು ಸುಮ್ನೆ ಹೊರುವ ಭಾರ.

ಹಣ ಹಾಕುವುದಾದರೆ ಮೊದಲು ಕ್ಯಾರಿಯರಿಗೆ, ಅದಕ್ಕೆ ನೇತುಹಾಕುವ ಒಂದು ಪಕ್ಕದ ಬ್ಯಾಗಿಗೆ ಹಾಕಿ. ಬೆನ್ನ ಭಾರ ಸೈಕಲ್ಲಿಗೆ ಹೋದ ದಿನ ಎಷ್ಟು ಹಗುರ ಅನಿಸುತ್ತದೆ ಅಂತ ನೀವೇ ನೋಡಿ. ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಫ್ರೇಮಿನಲ್ಲಿ ಥ್ರೆಡ್ ಇರುವ ಸಣ್ಣ ತೂತು ಇದೆಯಾ ನೋಡಿ. ಸಾಮಾನ್ಯವಾಗಿ ಎಂ5, ಅಂದರೆ 5 ಮಿ.ಮೀ. ದಪ್ಪದ ಬೋಲ್ಟ್ ಹಿಡಿಯುತ್ತದೆ. ಗೇರಿನ ಕಡೆಯ ಬೋಲ್ಟಿನ ಉದ್ದ ನೋಡಿಕೊಳ್ಳಿ. ನನ್ನ ಬೋಲ್ಟ್ ಫ್ರೇಮಿನ ಒಳಗಡೆಗೆ ಮೂರು ಮಿ.ಮೀ. ಚಾಚಿಕೊಂಡಿತ್ತು. ಬೇರೆ ಗೇರುಗಳಲ್ಲಿ ಏನೂ ಇಲ್ಲ, ಅತಿ ಚಿಕ್ಕ ಹಲ್ಲುಚಕ್ರಕ್ಕೆ ಬಂದಾಗ ಮಾತ್ರ ಟಕ್ ಟಕ್ ಸದ್ದು. ಗೇರು ಕೆಟ್ಟಿದೆ ಅಂತ ಒಂದು ವಾರ ಕೇಬಲ್ ತಿರುಗಿಸಿದೆ. ಕೊನೆಗೆ ನೆಲದ ಮೇಲೆ ಮಲಗಿ ನೋಡಿದರೆ, ಬೋಲ್ಟಿನ ತುದಿ ಚೈನ್ ಉಜ್ಜಿ ಉಜ್ಜಿ ಬೆಳ್ಳಗೆ ಹೊಳೆಯುತ್ತಿತ್ತು! ತಲೆಯ ಕಡೆ ಎರಡು ವಾಷರ್ ಹಾಕಿದ್ದಕ್ಕೆ ಸದ್ದು ಹೋಯಿತು.

ಮಡ್‌ಗಾರ್ಡ್ ಟೈರಿಗಿಂತ ಅಗಲ ಇರಲಿ. ನಿಮ್ಮ 37ಕ್ಕೆ 45 ಮಿ.ಮೀ.ದು ಸರಿಹೋಗುತ್ತದೆ. ಮುಂದಿನದಕ್ಕೆ ನೆಲದ ಹತ್ತಿರ ಬರುವಂತೆ ಒಂದು ರಬ್ಬರ್ ತುಂಡು ಸೇರಿಸಿ. ಶೂ, ಚೈನ್ ಎರಡೂ ಕೆಸರಿನಿಂದ ಉಳಿಯುತ್ತವೆ.

ಉತ್ತರ 2

ಸೀಟಿನ ಮಾತು ಒಪ್ಪಿದೆ. ಆದರೆ ಸೆಕೆಂಡ್ ಹ್ಯಾಂಡ್ ಅಂದಿರಲ್ಲ, ನಾನಾಗಿದ್ದರೆ ಕ್ಯಾರಿಯರಿಗಿಂತ ಮುಂಚೆ ಬ್ರೇಕು, ಟೈರು ನೋಡುತ್ತಿದ್ದೆ. ಬ್ರೇಕ್ ರಬ್ಬರು ಅದರ ಗೀರುಗಳೇ ಕಾಣದಷ್ಟು ಸವೆದಿದ್ದರೆ ಇವತ್ತೇ ಬದಲಿಸಿ. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಅದನ್ನೂ.

ಗಾಳಿ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಟೈರಿನ ಮೇಲೆ ಅಚ್ಚಾಗಿರುವುದು ಮೇಲಿನ ಮಿತಿ, ಅಷ್ಟು ತುಂಬಿಸಲೇಬೇಕು ಅಂತಲ್ಲ. ನನ್ನ ತೂಕ 72 ಕೆ.ಜಿ., ನನ್ನದೂ ನಿಮ್ಮದೇ ಅಳತೆಯ ಟೈರು. ಮುಂದೆ 45, ಹಿಂದೆ 55 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಟ್ಟುಕೊಂಡಿದ್ದೇನೆ. ಸಣ್ಣ ಗುಂಡಿಗಳು ಕೈಗೆ ಬಡಿಯುವುದೇ ಇಲ್ಲ. ಅಂದಹಾಗೆ 37 ಅಂದರೆ ಟೈರಿನ ಅಗಲ, 622 ಅಂದರೆ ಟೈರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಎರಡೂ ಮಿ.ಮೀ. ಲೆಕ್ಕ. ಹೊಸ ಟೈರು ತರುವಾಗ 622 ಮಾತ್ರ ಬದಲಾಗಬಾರದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪಾದ ಎರಡೂ ನೆಲಕ್ಕೆ ಪೂರ್ತಿ ಊರುತ್ತಿದ್ದವು! ಸೀಟು ಮೂರು ಸೆಂ.ಮೀ. ತಗ್ಗಿತ್ತು. ಇವತ್ತು ಮೊದಲ ಅರ್ಧ ಏರಿಸಿದ್ದೇನೆ. ಪಕ್ಕದ ಬ್ಯಾಗು ಹಾಕಿದರೆ ತುಳಿಯುವಾಗ ಹಿಮ್ಮಡಿ ಅದಕ್ಕೆ ಬಡಿಯುವುದಿಲ್ಲವಾ? ನನ್ನ ಶೂ 10ನೇ ನಂಬರ್.

ಉತ್ತರ 1 ಬರೆದವರು

ಬಡಿಯಬಹುದು, ಒಳ್ಳೆಯ ಪ್ರಶ್ನೆ. ಬ್ಯಾಗಿನ ಕೊಕ್ಕೆಗಳು ಹಿಂದೆ ಮುಂದೆ ಸರಿಯುತ್ತವಾ ನೋಡಿ ತಗೊಳ್ಳಿ. ಬ್ಯಾಗನ್ನು ಆದಷ್ಟು ಹಿಂದಕ್ಕೆ ಸರಿಸಿ, ಕೆಳಗಿನ ಮುಂದಿನ ಮೂಲೆ ಓರೆಯಾಗಿರುವುದನ್ನೇ ಆರಿಸಿ. ಮೊದಲು ಒಂದು ರಟ್ಟನ್ನು ಬ್ಯಾಗಿನ ಅಳತೆಗೆ ಕತ್ತರಿಸಿ ಕ್ಯಾರಿಯರಿಗೆ ಕಟ್ಟಿ, ಪೆಡಲ್ ತಿರುಗಿಸಿ ನೋಡಿ. ನಾನು ಹಾಗೇ ಮಾಡಿದ್ದು. ಲ್ಯಾಪ್‌ಟಾಪನ್ನು ಬ್ಯಾಗಿನ ತಳಕ್ಕೆ ತಾಗದ ಹಾಗೆ ಇಡಿ, ಕೆಳಗೆ ಬಟ್ಟೆ ಇರಲಿ.

ಉತ್ತರ 3

ಸಂಜೆ ಕತ್ತಲಾದ ಮೇಲೆ ಬರುವವರಾದರೆ ಲೈಟು ಮರೆಯಬೇಡಿ. ಹಿಂದಿನ ಕೆಂಪು ಲೈಟನ್ನು ಸೀಟ್ ಪೋಸ್ಟಿಗೆ ಹಾಕಿದರೆ ಜಾಕೆಟ್, ಬ್ಯಾಗು ಅದನ್ನು ಮುಚ್ಚುತ್ತವೆ. ಕ್ಯಾರಿಯರಿನ ಹಿಂತುದಿಗೆ ಹಾಕಿ. ಮುಂದಿನದು ತುಸು ಕೆಳಗೆ ಬಾಗಿರಲಿ, ಎದುರಿಂದ ಬರುವವರ ಕಣ್ಣಿಗೆ ಹೊಡೆಯಬಾರದು ಅಲ್ವಾ. ಬೀಗ ಹಾಕುವಾಗ ಫ್ರೇಮ್ ಮತ್ತು ಹಿಂದಿನ ಚಕ್ರ ಎರಡೂ ಸೇರಬೇಕು.

ಪ್ರಶ್ನೆ ಕೇಳಿದವರು

ಎರಡು ವಾರದ ಸುದ್ದಿ. ಸೀಟು 2.5 ಸೆಂ.ಮೀ. ಏರಿದೆ. ಮಂಡಿ ನೋವು ಸೋಮವಾರದಿಂದ ಇಲ್ಲ. ಟೇಪು ಹಾಕಿದ ಜಾಗದಲ್ಲೇ ಇದೆ, ದಿನಾ ಬೆಳಗ್ಗೆ ನೋಡುತ್ತೇನೆ. ಕ್ಯಾರಿಯರ್ ಕೂತಿದೆ, ರಟ್ಟಿನ ಪರೀಕ್ಷೆಯೂ ಆಯಿತು. ಈಗ ಒಡೆದ ಪೆಡಲುಗಳನ್ನು ಬದಲಿಸಲು ಕೂತಿದ್ದೇನೆ. ಬಲಗಡೆಯದು ಬಂತು. ಎಡಗಡೆಯದು ಎಷ್ಟು ಬಲ ಹಾಕಿದರೂ ಅಲ್ಲಾಡುತ್ತಿಲ್ಲ. ತುಕ್ಕು ಹಿಡಿದಿರಬಹುದಾ?

ಉತ್ತರ 1 ಬರೆದವರು

ನಿಲ್ಲಿಸಿ, ಇನ್ನು ಬಲ ಹಾಕಬೇಡಿ! ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ. ನೀವು ಇಷ್ಟು ಹೊತ್ತು ಬಿಗಿ ಮಾಡುತ್ತಿದ್ದೀರಿ. ಸ್ಪ್ಯಾನರನ್ನು ಪೆಡಲಿನ ಆಕ್ಸಲಿನಿಂದ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ಹಿಂದಿನ ಚಕ್ರದ ಕಡೆಗೆ ಎಳೆಯಿರಿ. ಎರಡೂ ಕಡೆ ಹಾಗೇ ಬಿಚ್ಚುತ್ತದೆ. ಹೊಸದರಲ್ಲಿ ಎಲ್ ಅಂತ ಇರುವುದು ಎಡಕ್ಕೆ, ಆರ್ ಬಲಕ್ಕೆ. ಥ್ರೆಡ್ಡಿಗೆ ಒಂದಿಷ್ಟು ಗ್ರೀಸ್ ಹಚ್ಚಿ, ಮೊದಲ ಮೂರು ನಾಲ್ಕು ಸುತ್ತು ಬೆರಳಲ್ಲೇ ತಿರುಗಿಸಿ.