ಸೈಲೆನ್ಸರ್‌ನಿಂದ ನೀರು ತೊಟ್ಟಿಕ್ಕುತ್ತಿದೆ: ಎಂಜಿನ್ ಬಿಚ್ಚಿಸಬೇಕೇ?

ಸಕಲೇಶಪುರದವರು (ಪ್ರಶ್ನೆ):
ನನ್ನದು 2017ರ ಪೆಟ್ರೋಲ್ ಕಾರು, 68,000 ಕಿ.ಮೀ. ಓಡಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷಕ್ಕೆ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕಿ, ಅಂಗಳದ ಸಿಮೆಂಟಿನ ಮೇಲೆ ಅಂಗೈಯಗಲದ ಮಸಿ ಕಲೆ ಬೀಳುತ್ತಿದೆ. ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಇಳಿದಂತೆ ಕಾಣುವುದಿಲ್ಲ. ಆದರೆ ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ (ಎಂಜಿನ್ನಿಗೂ ಅದರ ಮೇಲಿನ ಮುಚ್ಚಳವಾದ ಹೆಡ್ಡಿಗೂ ನಡುವಿನ ಸೀಲು) ಹೋಗಿದೆ, ಕೂಲೆಂಟ್ ಸಿಲಿಂಡರಿಗೆ ಸೋರಿ ಹೀಗೆ ಬರುತ್ತಿದೆ, 18,000 ರೂಪಾಯಿ ಆಗುತ್ತದೆ ಎನ್ನುತ್ತಿದ್ದಾರೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಹಾಸನದವರು:
ಬಿಚ್ಚಿಸಿಬಿಡಿ ಸರ್. ‘ಬರೀ ನೀರು ತಾನೇ’ ಎಂದು ನಾನು ಎರಡು ತಿಂಗಳು ಸುಮ್ಮನಿದ್ದೆ. ವಾರಕ್ಕೊಂದು ಬೆರಳಿನಷ್ಟು ಕೂಲೆಂಟ್ ಇಳಿಯುತ್ತಿದ್ದಾಗ ನಲ್ಲಿ ನೀರು ಸುರಿದು ಮಟ್ಟ ಸರಿಮಾಡುತ್ತಿದ್ದೆ. ಕೊನೆಗೊಂದು ದಿನ ಗುಂಡ್ಯದಿಂದ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು, ಹಿಂದೆ ನೋಡಿದರೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ಟೋಯಿಂಗ್‌ಗೆ 4,500, ಹೆಡ್ಡಿನ ತಳ ಸಮಮಾಡುವ ಫೇಸಿಂಗ್‌ಗೆ 2,200, ಗ್ಯಾಸ್ಕೆಟ್ ಕಿಟ್‌ಗೆ 3,850, ಹೆಡ್ ಬೋಲ್ಟ್‌ಗಳಿಗೆ 1,600, ಕೂಲೆಂಟ್‌ಗೆ 1,400, ಆಯಿಲ್ ಮತ್ತು ಫಿಲ್ಟರ್‌ಗೆ 2,600, ಮಜೂರಿ 9,000, ಒಟ್ಟು 25,150 ರೂಪಾಯಿ. ಮೂರೇ ವಾರಕ್ಕೆ ಮತ್ತೆ ಬಿಸಿಯಾಯಿತು. ಹೆಡ್‌ನಲ್ಲಿ ಕೂದಲೆಳೆಯಂಥ ಬಿರುಕು ಇದ್ದದ್ದನ್ನು ಮೊದಲ ಸಲ ಯಾರೂ ಗಮನಿಸಿರಲಿಲ್ಲ. ಸೆಕೆಂಡ್ ಹ್ಯಾಂಡ್ ಹೆಡ್ ಮತ್ತು ಮಜೂರಿ ಸೇರಿ ಮತ್ತೆ 20,000 ಹೋಯಿತು.

ಮೈಸೂರಿನವರು:
ಮೇಲಿನವರ ಮಾತು ಕೇಳಿ ಯಾರೂ ಎಂಜಿನ್ ಬಿಚ್ಚಿಸಬೇಡಿ. ನಾನು ಇಂಥ ಮಾತಿಗೇ ಹೆದರಿ 21,600 ಕೊಟ್ಟು ಬಿಚ್ಚಿಸಿದೆ. ತೆಗೆದ ಗ್ಯಾಸ್ಕೆಟ್ ಇವತ್ತಿಗೂ ನನ್ನ ಷೆಡ್ಡಿನ ಮೊಳೆಯಲ್ಲಿ ನೇತಾಡುತ್ತಿದೆ. ನಾಲ್ಕೂ ಸಿಲಿಂಡರಿನ ಸುತ್ತಲಿನ ಉಂಗುರಗಳಲ್ಲಿ ಒಂದು ಸುಟ್ಟ ಗುರುತೂ ಇಲ್ಲ. ಹೊಸದು ಹಾಕಿಸಿದ ಮರುದಿನ ಬೆಳಿಗ್ಗೆಯೂ ಸೈಲೆನ್ಸರ್ ಮೊದಲಿನಂತೆಯೇ ತೊಟ್ಟಿಕ್ಕಿತು! ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೇ ಹುಟ್ಟುತ್ತದೆ. ಪೈಪು ಕಾದಿದ್ದರೆ ಅದು ಆವಿಯಾಗಿ ಹೋಗುತ್ತದೆ, ತಣ್ಣಗಿದ್ದರೆ ಒಳಗೇ ಹನಿಗಟ್ಟಿ ತುದಿಯಿಂದ ಬೀಳುತ್ತದೆ. ರೇಡಿಯೇಟರಿನ ಬಾಯಿಗೆ ನೀಲಿ ದ್ರಾವಣದ ಕೊಳವೆ ಹಿಡಿದು ಮಾಡುವ ಪರೀಕ್ಷೆಯೊಂದಿದೆ. ಸಿಲಿಂಡರಿನ ಗ್ಯಾಸ್ ಕೂಲೆಂಟಿಗೆ ಸೇರುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆ. ಆಮೇಲೆ ಬೇರೆಯವರಲ್ಲಿ 600 ರೂಪಾಯಿಗೆ ಅದನ್ನು ಮಾಡಿಸಿಕೊಂಡೆ. ಮೊದಲೇ ಮಾಡಿಸಿದ್ದರೆ 21,000 ಉಳಿಯುತ್ತಿತ್ತು.

ಹಾಸನದವರು:
ನಿಮ್ಮ 21,600 ಹೋಗಿದೆ, ಎಂಜಿನ್ ಉಳಿದಿದೆ. ನನ್ನದು ಘಾಟಿಯಲ್ಲಿ ಕುಟುಂಬದ ಸಮೇತ ನಿಂತಿತು. ನನ್ನ ಕಾರಿನಲ್ಲೂ ಮೊದಲ ತಿಂಗಳು ಕೂಲೆಂಟ್ ಇಳಿದಿರಲಿಲ್ಲ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ನೊರೆಯಂಥದ್ದು ಕಟ್ಟಿತ್ತು, ಆಯಿಲಿಗೆ ಕೂಲೆಂಟ್ ಸೇರಿದ ಗುರುತು, ಅದನ್ನೂ ಚಳಿಗಾಲದ ತೇವ ಎಂದು ನಿಮ್ಮಂಥವರೇ ಒಬ್ಬರು ಹೇಳಿದ್ದರು.

ಮೈಸೂರಿನವರು:
ಚಳಿಯಲ್ಲಿ ಹತ್ತಿರ ಹತ್ತಿರವೇ ಓಡಾಡುವ ಕಾರಿನ ಮುಚ್ಚಳದಲ್ಲಿ ಆ ನೊರೆ ಬರುವುದು ನಿಜವೇ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಮೇಲೂ ಬಂದರೆ ಆಗ ಚಿಂತಿಸಬೇಕು. ‘ನಿಮ್ಮಂಥವರು’ ಎಂಬ ಮಾತು ಬೇಡ.

ಬೆಂಗಳೂರಿನವರು (ಸಿಎನ್‌ಜಿ ಕಾರು):
ಇಬ್ಬರೂ ಗ್ಯಾಸ್ಕೆಟ್ ಹಿಡಿದುಕೊಂಡು ಕೂತಿದ್ದೀರಿ, ಸೈಲೆನ್ಸರ್ ಬಗ್ಗೆ ಒಬ್ಬರಿಗೂ ಕಾಳಜಿಯಿಲ್ಲ. ನಾನು ಮಗಳನ್ನು ಶಾಲೆಗೆ ಬಿಡಲು ದಿನಕ್ಕೆ ಮೂರು ಕಿಲೋಮೀಟರ್ ಓಡಿಸುತ್ತೇನೆ, ಅಷ್ಟರಲ್ಲಿ ಪೈಪು ಕಾಯುವುದೇ ಇಲ್ಲ. ಒಂದು ಕಿಲೋ ಸಿಎನ್‌ಜಿ ಉರಿದರೆ ಎರಡು ಕಿಲೋಗೂ ಹೆಚ್ಚು ನೀರಾಗುತ್ತದೆ. ನನ್ನ ಸೈಲೆನ್ಸರಿನ ತಳದ ಸಣ್ಣ ತೂತು ಮಣ್ಣಿನಿಂದ ಮುಚ್ಚಿತ್ತು. ನೀರು ಒಳಗೇ ನಿಂತು ತಗಡು ಬಿಸ್ಕತ್ತಿನಂತೆ ಉದುರಿತು. 800 ರೂಪಾಯಿಯಂತೆ ಮೂರು ಸಲ ವೆಲ್ಡಿಂಗ್ ಮಾಡಿಸಿ, ಕೊನೆಗೆ 7,200 ಕೊಟ್ಟು ಹೊಸದು ಹಾಕಿಸಿದೆ. ಈಗ ಭಾನುವಾರ ಅರ್ಧ ಗಂಟೆ ಹೊರವರ್ತುಲ ರಸ್ತೆಯಲ್ಲಿ ಓಡಿಸುತ್ತೇನೆ.

ತುಮಕೂರಿನವರು:
ಇದೆಲ್ಲ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲಿನ ಪ್ರತಾಪ. ಮೊದಲು ನನ್ನ ಕಾರಿನಿಂದ ಒಂದು ಹನಿಯೂ ಬೀಳುತ್ತಿರಲಿಲ್ಲ.

ಮೈಸೂರಿನವರು:
ಲೀಟರಿನ ಲೆಕ್ಕದಲ್ಲಿ ಎಥೆನಾಲ್‌ನಿಂದ ಪೆಟ್ರೋಲಿಗಿಂತ ತುಸು ಕಡಿಮೆಯೇ ನೀರು ಹುಟ್ಟುತ್ತದೆ ಸ್ವಾಮಿ. ಮೈಲೇಜ್ ಇಳಿಯುವುದರಿಂದ ಕಿಲೋಮೀಟರಿಗೆ ಕೊಂಚ ಹೆಚ್ಚಾಗಬಹುದು, ಅಷ್ಟೇ. ಕಣ್ಣಿಗೆ ಕಾಣುವ ವ್ಯತ್ಯಾಸ ಅದಲ್ಲ.

ತುಮಕೂರಿನವರು:
ಲೆಕ್ಕ ನಿಮಗೇ ಇರಲಿ. ಲೀಟರಿಗೆ 17 ಕೊಡುತ್ತಿದ್ದ ಕಾರು 15ಕ್ಕೆ ಇಳಿದಿದೆ, ಆ ಹಣ ಯಾರು ಕೊಡುತ್ತಾರೆ?

ಬೆಂಗಳೂರಿನವರು:
ಮೈಲೇಜಿನ ಜಗಳವನ್ನು ಬೇರೆ ಕಡೆ ಇಟ್ಟುಕೊಳ್ಳಿ ಸರ್. ಕೇಳಿದವರು ಕಾಯುತ್ತಿದ್ದಾರೆ.

ಸಕಲೇಶಪುರದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಸೈಲೆನ್ಸರ್ ಕೆಳಗೆ ಸ್ಟೀಲ್ ಬಟ್ಟಲಿಟ್ಟೆ. ಬಿದ್ದ ನೀರಿನಲ್ಲಿ ಮಸಿಯ ಪುಡಿಯಿತ್ತು, ಆದರೆ ಕೂಲೆಂಟಿನ ಹಸಿರು ಇರಲಿಲ್ಲ; ಬೆರಳಿಗೆ ಅಂಟಲಿಲ್ಲ, ಸಿಹಿ ವಾಸನೆಯೂ ಬರಲಿಲ್ಲ. ಮೂಡಿಗೆರೆಗೆ ಹೋಗಿ ಬಂದ ಮೇಲೆ ಪೈಪಿನ ತುದಿ ಪೂರ್ತಿ ಒಣಗಿತ್ತು, ಹೊಗೆಯೂ ಇರಲಿಲ್ಲ. ಡಿಪ್‌ಸ್ಟಿಕ್‌ನ ಆಯಿಲ್ ಶುದ್ಧವಾಗಿದೆ. ನೀಲಿ ದ್ರಾವಣದ ಪರೀಕ್ಷೆಯನ್ನು ಹಾಸನದಲ್ಲಿ ಮಾಡಿಸುತ್ತೇನೆ, ಅಲ್ಲಿಯವರೆಗೆ ಬಿಚ್ಚಿಸುವುದಿಲ್ಲ.

ಹಾಸನದವರು:
ಮಾಡಿಸಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದು, ಒಂದು ತಿಂಗಳು ಪ್ರತಿ ಭಾನುವಾರ ನೋಡಿ. ಅರ್ಧ ಬೆರಳು ಇಳಿದರೂ ಶಿರಾಡಿ ಇಳಿಯಬೇಡಿ.