ಮಣ್ಣು ಕೊಡುವಾಗ ನಕ್ಕ ಹುಡುಗ

ಗುಂಪು: ನಮ್ಮ ಮನೆ, ದಾವಣಗೆರೆ

ದೊಡ್ಡಪ್ಪ: (ಫಾರ್ವರ್ಡ್ ಮಾಡಲಾಗಿದೆ) "ಸಾವಿನ ಮನೆಯಲ್ಲಿ ಕಣ್ಣೀರು ಬಾರದವರ ಮಿದುಳಿನಲ್ಲಿ ಪ್ರೀತಿಯ ಭಾಗ ಸತ್ತಿರುತ್ತದೆ. ಅಮಿಗ್ಡಾಲಾ ಎಂಬ ಗ್ರಂಥಿಯೇ ಎಲ್ಲ ಭಾವನೆಗಳ ಸ್ವಿಚ್. ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಎಲ್ಲರಿಗೂ ಕಳಿಸಿ 🙏"

ದೊಡ್ಡಪ್ಪ: ಯಾರಿಗೂ ಬೊಟ್ಟು ಮಾಡಿ ಹೇಳ್ತಿಲ್ಲ. ಓದ್ರಿ ಅಷ್ಟೆ.

ಅತ್ತೆ: ಹೇಳದಿದ್ರೂ ತಿಳೀತೈತೆ ಅಣ್ಣ. ಅವ್ವನಿಗೆ ಮಣ್ಣು ಕೊಡೋ ಹೊತ್ತಿನಾಗೆ ಅವನು ಕಿಸಕ್ಕಂತ ನಕ್ಕಿದ್ದನ್ನ ಹರಿಹರದ ಬೀಗರೂ ನೋಡ್ಯಾರೆ. ನಾನು ಎಲ್ಲಿ ಮುಖ ಇಟ್ಕೊಳ್ಳಲಿ?

ಚಿಕ್ಕಮ್ಮ: ಬಾವಾರೇ, ಹುಡುಗ ಅವತ್ತಿನಿಂದ ಸರಿಯಾಗಿ ಊಟ ಮಾಡ್ತಿಲ್ಲ. "ನಾನ್ಯಾಕೆ ನಕ್ಕೆ ಅಮ್ಮಾ" ಅಂತ ನನ್ನೇ ಕೇಳ್ತಾನೆ. ಅವನೂ ಈ ಗ್ರೂಪ್‌ನಾಗೆ ಅದಾನೆ.

ನಾನು: ದೊಡ್ಡಪ್ಪ, ನಿಮ್ಮ ಮೇಲೆ ಗೌರವ ಇಟ್ಕೊಂಡೇ ಹೇಳ್ತೀನಿ, ಈ ಫಾರ್ವರ್ಡ್ ಸುಳ್ಳು. ಅಮಿಗ್ಡಾಲಾ ಗ್ರಂಥಿನೇ ಅಲ್ಲ. ಮಿದುಳಿನ ಎರಡೂ ಪಕ್ಕದಾಗೆ, ಒಳಗೆ, ಬಾದಾಮಿ ಆಕಾರದಾಗೆ ಇರೋ ನರಕೋಶಗಳ ಗುಂಪು. ಆ ಸಾಲೇ ತಪ್ಪಿದ್ಮೇಲೆ ಉಳಿದದ್ದನ್ನ ನಂಬೋದು ಹೆಂಗೆ?

ಅಣ್ಣ (ಬೆಂಗಳೂರು): ಭಯಕ್ಕಾದ್ರೂ ಅದೇ ಕಾರಣ ಅಲ್ವಾ? ಅಮೆರಿಕದಲ್ಲಿ ಅದು ಹಾಳಾದ ಹೆಂಗಸೊಬ್ಬರಿಗೆ ಹಾವು ಮುಟ್ಟಿದ್ರೂ ಭಯ ಇಲ್ಲ ಅಂತ ಓದಿದ್ದೆ.

ನಾನು: ಎಸ್.ಎಂ. ಅಂತ ಕರೀತಾರೆ ಅವರನ್ನ. ಮುಂದಿಂದೂ ಓದಣ್ಣ. 2013ರಲ್ಲಿ ಪ್ರಕಟವಾದ ಪ್ರಯೋಗದಾಗೆ ಅವರಿಗೆ ಶೇ. 35 ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿ ಉಸಿರಾಡೋಕೆ ಕೊಟ್ಟರು. ಜೀವನೇ ಹೋದಂಗೆ ಗಾಬರಿ ಆದರು. ಅಮಿಗ್ಡಾಲಾ ಇಲ್ಲದೇನೇ ಭಯ ಬಂತು. ಸ್ವಿಚ್ ಒಂದೇ ಆಗಿದ್ರೆ ಬರ್ತಿತ್ತಾ?

ಚಿಕ್ಕಪ್ಪ: ಅದು ಭಯದ ಮಾತಾತು. ನಗು ಯಾಕೆ ಬಂತು ನನ್ನ ಮಗನಿಗೆ? ಅದನ್ನ ಹೇಳು.

ನಾನು: ಅವತ್ತಿನ ಹೊತ್ತು ನೆನಪು ಮಾಡ್ಕೊಳ್ರಿ ಚಿಕ್ಕಪ್ಪ. ರಾತ್ರಿಯೆಲ್ಲ ಭಜನೆ, ಯಾರಿಗೂ ನಿದ್ದೆ ಇಲ್ಲ. ಬೆಳಗಿನಿಂದ ಚಾ ಬಿಟ್ಟರೆ ಅವನು ಏನೂ ಮುಟ್ಟಿರಲಿಲ್ಲ. ಬಿಸಿಲು ಬೇರೆ. ಹಣೆ ತುಂಬ ವಿಭೂತಿ ಹಚ್ಚಿ ಅಜ್ಜೀನ ಗುಂಡಿಯೊಳಗೆ ಕುಂಡ್ರಿಸ್ತಿದ್ದಾರೆ. ಅಂಥದ್ದನ್ನ ಅವನು ಹತ್ರದಿಂದ ನೋಡಿದ್ದೇ ಮೊದಲು. ನಾನು ಪಕ್ಕದಾಗೇ ನಿಂತಿದ್ದೆ. ಅವನ ಕೈಯಾಗಿದ್ದ ಬಿಲ್ವಪತ್ರೆ ಗಡಗಡ ಅಲುಗಾಡ್ತಿತ್ತು. ಅದನ್ನ ಬೀಗರು ನೋಡಿಲ್ಲ, ನಾನು ನೋಡೀನಿ.

ನಾನು: ಎದೆ ಹೊಡ್ಕೊಳ್ಳೋದು, ಕೈ ನಡುಗೋದು, ಗಂಟಲು ಬಿಗಿಯೋದು ದುಃಖಕ್ಕೂ ಬರ್ತಾವೆ, ಭಯಕ್ಕೂ ಬರ್ತಾವೆ. ಇದು ಏನಂತ ಮಿದುಳು ಆ ಜಾಗ ನೋಡಿ, ಹಳೇದನ್ನ ನೆನೆಸಿ ತೀರ್ಮಾನ ಮಾಡ್ತೈತೆ. ಒಮ್ಮೊಮ್ಮೆ ತಪ್ಪುತ್ತೆ. 1974ರಾಗೆ ಡಟನ್, ಆರನ್ ಅನ್ನೋ ಇಬ್ಬರು ಮನೋವಿಜ್ಞಾನಿಗಳು ಕೆನಡಾದ ಕಾಪಿಲಾನೊ ತೂಗುಸೇತುವೆ ಮೇಲೆ ಗಂಡಸರಿಗೆ ಒಬ್ಬ ಯುವತಿಯಿಂದ ಪ್ರಶ್ನೆ ಕೇಳಿಸಿದ್ರು. ಗಟ್ಟಿ ಸೇತುವೆ ದಾಟಿದವರಿಗಿಂತ ಈ ತೂಗಾಡೋ ಸೇತುವೆ ದಾಟಿದವರೇ ಆಮೇಲೆ ಅವಳಿಗೆ ಜಾಸ್ತಿ ಫೋನ್ ಮಾಡಿದ್ದು. ಭಯದ ಎದೆಬಡಿತನ ಅವರು ಆಸೆ ಅಂತ ತಿಳ್ಕೊಂಡ್ರು ಅನ್ನೋದು ಆ ಇಬ್ಬರ ವಿವರಣೆ. ಹಂಗೇ ಇವನ ಮೈಯಾಗಿನ ನಡುಕನೂ ದಾರಿ ತಪ್ಪಿ ನಗುವಾಗಿ ಬಂದಿರಬಹುದು.

ಅತ್ತೆ: ಕೆನಡಾ ಕಥೆ ಬಿಡವ್ವ. ಪ್ರೀತಿ ಇದ್ದವರಿಗೆ ಅಳು ಬಂದೇ ಬರ್ತೈತೆ.

ನಾನು: ನಮ್ಮ ಮನೆದೇ ಹೇಳ್ತೀನಿ ಅತ್ತೆ. ಅಜ್ಜನಿಗೆ ಲಕ್ವಾ ಹೊಡೆದ ಮೇಲೆ ಅಡಿಕೆ ರೇಟು ಹೇಳಿದ್ರೂ ಬಿಕ್ಕಿ ಬಿಕ್ಕಿ ಅಳ್ತಿದ್ದರಲ್ಲ. ಏನಾತಪ್ಪಾ ಅಂತ ನೀವೇ ಕೇಳಿದ್ರೆ "ಏನೂ ಇಲ್ಲವ್ವಾ, ಹಂಗೇ ಬರ್ತೈತೆ" ಅನ್ನೋರು. ಲಕ್ವಾ ಹೊಡೆದ ಕೆಲವರಿಗೆ ಅಳು, ನಗು ಎರಡನ್ನೂ ಹತೋಟಿಯಾಗೆ ಇಡೋ ನರಗಳ ದಾರಿಗೆ ಪೆಟ್ಟು ಬಿದ್ದಿರ್ತೈತೆ. ಒಳಗೆ ದುಃಖ ಇಲ್ಲದೇ ಕಣ್ಣೀರು ಬರ್ತೈತೆ. ಹುಡುಗನಿಗೆ ಆ ಕಾಯಿಲೆ ಐತೆ ಅಂತ ಅಲ್ಲ, ಹಂಗೆ ತಿಳ್ಕೋಬ್ಯಾಡ್ರಿ ಮತ್ತೆ. ದುಃಖ ಇಲ್ಲದ ಅಳುವನ್ನ ಕಣ್ಣಾರೆ ನೋಡಿದ ಮನೆ ನಮ್ಮದು. ದುಃಖದಾಗೆ ಬಂದ ನಗುವನ್ನ ಯಾಕೆ ನಂಬಬಾರದು?

ಅತ್ತೆ: ಅಪ್ಪ ಅಳ್ತಿದ್ದ, ಹೌದು. ಕಣ್ಣು ಒರೆಸಿ ಒರೆಸಿ ನನಗೇ ಸಾಕಾಗಿತ್ತು.

ಚಿಕ್ಕಪ್ಪ: ಈಗ ಏನು ಮಾಡ್ಬೇಕಂತೀಯ?

ನಾನು: "ಯಾಕೆ ನಕ್ಕೆ" ಅಂತ ಯಾರೂ ಕೇಳಬ್ಯಾಡ್ರಿ, ಅವನಿಗೇ ಗೊತ್ತಿಲ್ಲ. "ಅಲ್ಲಿ ನಿಂತಾಗ ಮೈಯಾಗೆ ಏನಾಗ್ತಿತ್ತು, ಏನನ್ನಿಸ್ತು" ಅಂತ ಕೇಳ್ರಿ. ಭಯ ಅಂದ್ರೆ ಭಯ, ಸಿಟ್ಟು ಅಂದ್ರೆ ಸಿಟ್ಟು, ಅವನೇ ಹೇಳಲಿ. 2007ರಾಗೆ ಲಾಸ್ ಏಂಜಲೀಸ್‌ನ ಸಂಶೋಧಕ ಮ್ಯಾಥ್ಯೂ ಲೀಬರ್‌ಮನ್ ತಂಡ, ಸಿಟ್ಟಿನ ಮುಖ, ಹೆದರಿದ ಮುಖಗಳ ಚಿತ್ರ ತೋರಿಸಿ ಆ ಭಾವನೆಗೆ ಹೆಸರು ಹೇಳಿಸಿತ್ತು. ಹೆಸರು ಹೇಳಿದಾಗ ಅಮಿಗ್ಡಾಲಾದ ಚಟುವಟಿಕೆ ತಗ್ಗಿದ್ದು ಸ್ಕ್ಯಾನ್‌ನಾಗೆ ಕಂಡಿತು. ದೊಡ್ಡಪ್ಪನ ಫಾರ್ವರ್ಡ್‌ನಾಗೆ ಸ್ವಿಚ್ ಅಂದಿದ್ದಾರಲ್ಲ, ಅದೇ ಅಮಿಗ್ಡಾಲಾ.

ದೊಡ್ಡಪ್ಪ: ಆತು, ಫಾರ್ವರ್ಡ್ ತೆಗೀತೀನಿ. ಹುಡುಗ ನೋಡಬಾರದಿತ್ತು. ಆದ್ರೆ ನಾಲ್ಕು ಜನರ ನಡುವೆ ತಡ್ಕೊಳ್ಳೋದನ್ನ ಕಲೀಬೇಕು, ಈ ಮಾತು ನಾನು ಬಿಡಲ್ಲ.

ನಾನು: ಅದನ್ನ ನೀವೇ ಹೇಳ್ರಿ ದೊಡ್ಡಪ್ಪ, ನಿಮ್ಮ ಮಾತು ಅವನು ಕೇಳ್ತಾನೆ. ಶಿವಗಣಾರಾಧನೆ ಮುಗೀಲಿ, ಆಮೇಲೆ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಚಿಕ್ಕಮ್ಮ: ಬಾವಾರೇ, ಸಂಜೆ ಈ ಕಡೆ ಬರ್ರಿ. ಅವನು ನಿಮ್ಮನ್ನೇ ಕೇಳ್ತಿದ್ದ.