ಡೆಬಿಯನ್ 12ರಲ್ಲಿ ಗಿಂಪ್ 3 ಯಾಕೆ ಬರುತ್ತಿಲ್ಲ?

ಹೊಸಬ:
ಚಿತ್ರ ತಿದ್ದುವ ತಂತ್ರಾಂಶ ಗಿಂಪ್‌ನ 3.0 ಆವೃತ್ತಿ ಬಂದಿದ್ದು 2025ರ ಮಾರ್ಚ್‌ನಲ್ಲಿ. ನನ್ನದು ಡೆಬಿಯನ್ 12 ಲಿನಕ್ಸ್. ದಿನಾ ಅಪ್‌ಡೇಟ್ ಮಾಡಿದರೂ 2.10.34ರಲ್ಲೇ ಕೂತಿದೆ. ಮದುವೆ ಕರೆಯೋಲೆ ಮಾಡುವಾಗ ಹೆಸರಿಗೆ ನೆರಳು ಹಾಕಿದರೆ ಮುಗೀತು, ಅಕ್ಷರ ಚಿತ್ರವಾಗಿಬಿಡುತ್ತದೆ. ಆಮೇಲೆ ಒಂದು ಒತ್ತಕ್ಷರ ತಪ್ಪಿದೆ ಅಂದರೂ ಮೊದಲಿಂದ ಶುರು. 3ರಲ್ಲಿ ಆ ಕಾಟ ಇಲ್ಲವಂತೆ. ನಿನ್ನೆ ಪ್ಯಾಕೇಜ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟ್‌ಗೆ ಟ್ರಿಕ್ಸಿಯ (ಡೆಬಿಯನ್ 13ರ) ಸಾಲೊಂದನ್ನು ಸೇರಿಸಿ ನೋಡಿದೆ. ಪ್ಯಾಕೇಜ್ ಹಾಕುವ ಆಪ್ಟ್, ಲಿಬ್‌ಸಿ6 ಸೇರಿ ಬದಲಾಗುವ ಪ್ಯಾಕೇಜ್‌ಗಳ ಮಾರುದ್ದದ ಪಟ್ಟಿ ತೋರಿಸಿತು. ಹೆದರಿ ಬೇಡ ಅಂತ 'ಎನ್' ಒತ್ತಿದೆ.

ಟರ್ಮಿನಲ್ ತಾತ:
ಒತ್ತಿದ್ದು ಒಳ್ಳೆಯದಾಯಿತು. ಮೊದಲು ಆ ಸಾಲು ತೆಗೆಯಿರಿ. ಲಿಬ್‌ಸಿ ಅಂದರೆ ಬಹುತೇಕ ಎಲ್ಲ ಪ್ರೋಗ್ರಾಂಗಳೂ ನೆಚ್ಚಿಕೊಂಡ ಮೂಲ ಲೈಬ್ರರಿ; ನಿಮ್ಮಲ್ಲಿ 2.36, ಟ್ರಿಕ್ಸಿಯಲ್ಲಿ 2.41. ಒಂದು ಗಿಂಪ್‌ಗೋಸ್ಕರ ಮನೆಯ ಪಾಯವನ್ನೇ ಬದಲಿಸಿದ ಹಾಗೆ ಆಗುತ್ತಿತ್ತು.

ಗಿಂಪ್ ತಂಡ ಬಿಡುಗಡೆ ಮಾಡಿದ ಕೂಡಲೇ ಅದು ನಿಮ್ಮ ಆಪ್ಟ್‌ಗೆ ಬರುವುದಿಲ್ಲ. ಡೆಬಿಯನ್ ಕಡೆಯ ಸ್ವಯಂಸೇವಕರು ಮೂಲ ಕೋಡ್‌ನಿಂದ ಪ್ಯಾಕೇಜ್ ಕಟ್ಟಿ ಮೊದಲು 'ಸಿಡ್' ಅನ್ನೋ ಅಸ್ಥಿರ ವಿಭಾಗಕ್ಕೆ ಹಾಕುತ್ತಾರೆ. ಸಾಮಾನ್ಯವಾಗಿ ಐದು ದಿನ ಅಲ್ಲಿರಬೇಕು. ದೊಡ್ಡ ದೋಷ ಸಿಗದಿದ್ದರೆ, ಬೇಕಾದ ಲೈಬ್ರರಿಗಳೂ ತಯಾರಿದ್ದರೆ, ಪರೀಕ್ಷೆಯ ವಿಭಾಗವಾದ ಟೆಸ್ಟಿಂಗ್‌ಗೆ ಇಳಿಯುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಟೆಸ್ಟಿಂಗ್‌ಗೆ ಬೀಗ ಹಾಕಿ, ದೋಷ ತಿದ್ದಿ, ಅದನ್ನೇ ಸ್ಟೇಬಲ್ (ಸ್ಥಿರ ಆವೃತ್ತಿ) ಅನ್ನುತ್ತಾರೆ. ನಿಮ್ಮ 12 ಹಾಗೆ ಹೊರಬಂದಿದ್ದು 2023ರ ಜೂನ್‌ನಲ್ಲಿ. ಆಗ ಇದ್ದ ಗಿಂಪೇ ಈಗಲೂ ಇದೆ.

ಹಾಗಂತ ಸುಮ್ನೆ ಬಿಟ್ಟಿಲ್ಲ. 'ಆಪ್ಟ್ ಪಾಲಿಸಿ ಗಿಂಪ್' ಕೊಟ್ಟು ನೋಡಿ. 2.10.34ರ ಹಿಂದೆ 'ಡೆಬ್12ಯು' ಅನ್ನೋ ಬಾಲ ಕಾಣುತ್ತದೆ, ಅಲ್ವಾ? ಹೊಸ ಆವೃತ್ತಿಯ ಭದ್ರತಾ ತಿದ್ದುಪಡಿಯನ್ನು ಹಳೆಯದಕ್ಕೆ ಹೊಲಿದಿದ್ದಾರೆ ಅಂತ ಅರ್ಥ. ನಂಬರ್ ನೋಡಿ ಹಳಸಲು ಅನ್ನುವವರು ಈ ಬಾಲ ಓದುವುದೇ ಇಲ್ಲ.

ನಿಮಗೆ ಸುಲಭದ ದಾರಿ ಫ್ಲ್ಯಾಟ್‌ಪ್ಯಾಕ್, ಆಪ್ಟ್ ಬಿಟ್ಟು ತಂತ್ರಾಂಶ ಹಾಕುವ ಬೇರೆ ವಿಧಾನ. ಅದರ ಭಂಡಾರ ಫ್ಲ್ಯಾಟ್‌ಹಬ್‌ನಿಂದ ಗಿಂಪ್ ಹಾಕಿಕೊಳ್ಳಿ. ಲೈಬ್ರರಿಗಳನ್ನು ತನ್ನ ಜೊತೆಗೇ ತರುತ್ತದೆ, ಜಾಗ ಜಾಸ್ತಿ ತಿನ್ನುತ್ತದೆ. ಬಿಡುವಾದಾಗ ಪೂರ್ತಿ 13ಕ್ಕೇ ಹೋಗಿ. ಅದರಲ್ಲಿ 3.0.4 ಇದೆ.

ಹೊಸಬ:
ಫ್ಲ್ಯಾಟ್‌ಪ್ಯಾಕ್ ಹಾಕಿದೆ. ಕನ್ನಡ ಫಾಂಟ್‌ಗಳೆಲ್ಲ ಕಾಣಿಸಿದವು! ನೆರಳು ಹಾಕಿದ ಮೇಲೂ ಹೆಸರು ತಿದ್ದಬಹುದು. ಆದರೆ ಮೆನುವಿನಲ್ಲಿ ಎರಡು ಗಿಂಪ್ ಇವೆ. ಹಳೆಯದನ್ನು ತೆಗೆಯಲಾ?

ಟರ್ಮಿನಲ್ ತಾತ:
2.10ಕ್ಕೆ ಬರೆದ ಹಳೇ ಪ್ಲಗಿನ್ (ಗಿಂಪ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂ) ಬಳಸುತ್ತಿದ್ದರೆ ಇರಲಿ, ಹೆಚ್ಚಿನವು 3ರಲ್ಲಿ ಹಾಗೇ ಓಡುವುದಿಲ್ಲ. ಇಲ್ಲದಿದ್ದರೆ ತೆಗೆಯಿರಿ. ಅಂದಹಾಗೆ, ನೆರಳು ಹಾಕಿ 3ರಲ್ಲಿ ಉಳಿಸಿದ ಫೈಲು 2.10ರಲ್ಲಿ ತೆರೆಯುವುದಿಲ್ಲ. ಕರೆಯೋಲೆಯನ್ನು ಬೇರೆಯವರಿಗೆ ಕಳಿಸುವ ಮುಂಚೆ ಅವರ ಹತ್ತಿರ ಯಾವುದಿದೆ ಅಂತ ಕೇಳಿಕೊಳ್ಳಿ.